ಸೋವಿನ ಸದ್ದು

ಏಪ್ರಿಲ್ 19, ಬುಧವಾರ. ಬೆಳಗ್ಗೆ 7.40ಕ್ಕೆ ಮಿನೆಗಾವಾ ಪಟ್ಟಣದ ಚುನಾವಣಾ ಕಚೇರಿಯ ಗುಮಾಸ್ತ ಪೊಲೀಸ್ ಠಾಣೆಗೆ ಫೋನ್ ಮಾಡಿದ. ಹಳೆ ಶಾಲೆಯ ಎದುರು ಮೇಯರ್ ಅಭ್ಯರ್ಥಿಗಳ ಭಾವಚಿತ್ರ ಅಂಟಿಸಿದ್ದ ಫಲಕದಲ್ಲಿ ಮೂರನೇ ನಂಬರಿನ ಚಿತ್ರಕ್ಕೆ ತೂತು ಬಿದ್ದಿದೆ ಎಂಬುದು ದೂರು. ಬರೆದುಕೊಂಡವನು ಕಾನ್‌ಸ್ಟೇಬಲ್ ಹತಕೆಯಾಮಾ.

"ಮೊಳೆ ಹೊಡೆದ ತೂತೇನ್ರೀ?"

"ಮೊಳೆ ಇಷ್ಟು ದಪ್ಪ ಇರಲ್ಲ ಸ್ವಾಮಿ. ಹೆಬ್ಬೆರಳು ತೂರುತ್ತೆ."

"ನಿಮಗೆ ಹೇಗೆ ಗೊತ್ತು?"

"ತೂರಿಸಿ ನೋಡ್ದೆ."

"ಪುಣ್ಯಾತ್ಮ, ಕೈ ತೆಗೀರಿ. ಬರ್ತೀವಿ."

8.15ಕ್ಕೆ ಇನ್ಸ್‌ಪೆಕ್ಟರ್ ತೊಗಾಶಿ ಕಿನುಯೊ ಸ್ಥಳಕ್ಕೆ ಬಂದರು. ಸಮುದ್ರ ತೀರದ ನಗರದಿಂದ ವರ್ಗವಾಗಿ ಈ ಬೆಟ್ಟದ ಪಟ್ಟಣಕ್ಕೆ ಬಂದು ಎರಡು ವರ್ಷವಾಗಿತ್ತು. ಮಾತು ಕಡಿಮೆ, ಕೇಳುವುದು ಹೆಚ್ಚು. ತೂತು ಸರಿಯಾಗಿ ಚಿತ್ರದ ಹೆಂಗಸಿನ ಎರಡು ಹುಬ್ಬಿನ ನಡುವೆ ಇತ್ತು. ಇಬ್ಬರು ಪಂಚರ ಸಮ್ಮುಖದಲ್ಲಿ ಪಂಚನಾಮೆ ಬರೆಯಲಾಯಿತು. 10.05ಕ್ಕೆ ಫಲಕದ ಹಿಂದಿನ ಹಿಮದ ದಿಬ್ಬದಿಂದ ಸೀಸದ ಗುಂಡೊಂದನ್ನು ಅಗೆದು ತೆಗೆದರು. ಗುಂಡು ಬಂದ ದಾರಿ ಹಿಡಿದು ಎಂಬತ್ತು ಮೀಟರ್ ಏರಿದಾಗ ದೇವದಾರು ಮರವೊಂದರ ಬುಡದಲ್ಲಿ ಮೊಣಕಾಲೂರಿದ ಗುರುತು. ಅದರ ಪಕ್ಕ ಹಿಮದಲ್ಲಿ ಒಂದು ಕಡ್ಡಿ ನೆಟ್ಟಗೆ ಚುಚ್ಚಿಟ್ಟಿತ್ತು. ಗೇಣುದ್ದ, ಅರ್ಧ ಸಿಪ್ಪೆ ಸುಲಿದದ್ದು, ಮೂರು ಕಚ್ಚು ಹಾಕಿದ್ದು. ಮುರಿದ ಕಡೆಯಿಂದ ಕರ್ಪೂರಕ್ಕೆ ಹತ್ತಿರದ ಒಂದು ಸುವಾಸನೆ ಬರುತ್ತಿತ್ತು.

ಹತಕೆಯಾಮಾ ಅದನ್ನು ನೋಡಿದವನೇ ಟೋಪಿ ತೆಗೆದು ಕೈ ಜೋಡಿಸಿದ. ನೂಡಲ್ಸ್ ಅಂಗಡಿಯವನ ಮಗ, ಇದೇ ಊರಿನವನು. ತನಿಖೆಯ ನಡುವೆ ಅವನು ಹಾಗೆ ಮಾಡಿದ್ದನ್ನು ಇನ್ಸ್‌ಪೆಕ್ಟರ್ ಹಿಂದೆ ಕಂಡಿರಲಿಲ್ಲ.

"ಏನದು?"

"ಬೇಟೆಯವರದ್ದು ಮೇಡಂ. ಕರಡಿ ಬಿದ್ದ ಮೇಲೆ ಮಾಂಸದ ತುಂಡು ಸಿಕ್ಕಿಸಿ ಬೆಟ್ಟದಮ್ಮನಿಗೆ ಒಪ್ಪಿಸೋ ಕಡ್ಡಿ."

"ಇದರಲ್ಲಿ ಮಾಂಸ ಇಲ್ಲ."

"ಇನ್ನೂ ಇಲ್ಲ. ಮುಂಚೇನೇ ನೆಟ್ಟಿದಾನೆ ಅಂದ್ರೆ ಅಪ್ಪಣೆ ಕೇಳಿದಾನೆ. ಚಿತ್ರಕ್ಕೆ ಹೊಡೆದದ್ದು ಬರೀ ಗುರಿ ನೋಡೋಕೆ. ಕೊಡೋದು ಆಮೇಲೆ."

ಇನ್ಸ್‌ಪೆಕ್ಟರ್ ಕಡ್ಡಿಯನ್ನು ಮುಟ್ಟದೆ ಬಹಳ ಹೊತ್ತು ನೋಡಿದರು. ಸಿಕ್ಕಿಬೀಳುತ್ತೇನೆ ಎಂದು ತಿಳಿದೂ ಇದನ್ನು ನೆಡದೆ ಇರಲಾಗದ ಮನುಷ್ಯ. ಅಂಥ ಭಕ್ತಿ ಇಟ್ಟುಕೊಂಡು ಅವನು ಕೇಳಿದ್ದು ಒಂದು ಹೆಂಗಸಿನ ಪ್ರಾಣ.

ಮೂರನೇ ನಂಬರಿನ ಅಭ್ಯರ್ಥಿ ಅರಾಯ್ ಮಿಸಾ, ವಯಸ್ಸು 53. ಪಟ್ಟಣದ ಔಷಧಿ ಅಂಗಡಿ ಅವರದ್ದು. ಅಜ್ಜ ಕೊರಿಯಾದಿಂದ ಇಲ್ಲಿನ ತಾಮ್ರದ ಗಣಿಗೆ ಬಂದು ಗಣಿಯಲ್ಲೇ ಸತ್ತವರು. 11.30ಕ್ಕೆ ಅಂಗಡಿಯಲ್ಲೇ ವಿಚಾರಣೆ.

"ಯಾರ ಮೇಲಾದ್ರೂ ಅನುಮಾನ?"

ಅರಾಯ್ ಫೋನ್ ಮುಂದಿಟ್ಟರು. 'ಮಿನೆಗಾವಾ ಕಾವಲು' ಎಂಬ ಗುಂಪು, 640 ಸದಸ್ಯರು. ಈಕೆ ಗೆದ್ದರೆ ಬೆಟ್ಟದ ಒರತೆಗಳನ್ನೆಲ್ಲ ಪರದೇಶದವರಿಗೆ ಮಾರುತ್ತಾಳೆ, ಓಡಿಸಿ, ಮುಗಿಸಿ ಎಂದು ನಿಮಿಷಕ್ಕೊಂದು ಸಾಲು.

"ನಿಮ್ಮೂರಿಗೆ ಹೋಗು ಅಂತ ದಿನಾ ಬರೀತಾರೆ. ನಾನು ಹುಟ್ಟಿದ ಆಸ್ಪತ್ರೆ ವಿಳಾಸ ಕಳಿಸಿದೆ. ಅಲ್ಲಿಂದ ಇಲ್ಲಿಗೆ ನಡ್ಕೊಂಡು ಏಳು ನಿಮಿಷ."

"ಶನಿವಾರ ಪ್ರಚಾರ ಮುಗಿಯುತ್ತೆ. ಅಲ್ಲೀತನಕ ಮನೇಲಿರಿ."

"ಇರ್ತೀನಿ ಅಂದ್ಕೊಳ್ಳಿ. ಆಮೇಲೆ ಎಷ್ಟು ದಿನ ಇರಬೇಕು, ಅದನ್ನೂ ಹೇಳ್ಬಿಡಿ."

ಇನ್ಸ್‌ಪೆಕ್ಟರ್ ಇಬ್ಬರು ಕಾವಲಿನವರನ್ನು ಅಂಗಡಿಯ ಬಾಗಿಲಿಗೆ ಹಾಕಿ ಹೊರಟರು.

ಠಾಣೆಯ ವ್ಯಾಪ್ತಿಯಲ್ಲಿ ಪರವಾನಗಿ ಇದ್ದ ಬೇಟೆ ಬಂದೂಕುಗಳು 86. ಎಲ್ಲವನ್ನೂ ತರಿಸಿ ಪರೀಕ್ಷೆಗೆ ಕಳಿಸಲು ಆದೇಶವಾಯಿತು. ಗುರುವಾರ ಬೆಳಗ್ಗೆ 9ಕ್ಕೆ ಪ್ರಯೋಗಾಲಯದ ವರದಿ ಬಂತು: ಗುಂಡು ಕೈಯಲ್ಲಿ ಎರಕ ಹೊಯ್ದದ್ದು, ಹಾರಿಸಿದ್ದು ನೂರು ವರ್ಷಕ್ಕೂ ಹಳೆಯ ಒಂಟಿ ಗುಂಡಿನ ಕೋವಿಯಿಂದ, ಅಂಥ ಕೋವಿ ಯಾವ ದಾಖಲೆಯಲ್ಲೂ ಇಲ್ಲ. ಅಜ್ಜಂದಿರ ಕಾಲದ ಕೋವಿಯನ್ನು ಯಾರೋ ಸರ್ಕಾರಕ್ಕೆ ಒಪ್ಪಿಸದೆ ಉಳಿಸಿಕೊಂಡಿದ್ದರು.

ಉಳಿದದ್ದು ಕಡ್ಡಿ. ಅದನ್ನು ಗಾಜಿನ ಕೊಳವೆಯಲ್ಲಿಟ್ಟುಕೊಂಡು 10.30ಕ್ಕೆ ಇಬ್ಬರೂ ಬೆಟ್ಟದಮ್ಮನ ಗುಡಿಗೆ ಏರಿದರು. ವಸಂತದ ಕರಡಿ ಬೇಟೆಗೆ ಮುಂಚಿನ ಪೂಜೆ ಅಂದೇ ಇತ್ತು. ಗುಡಿಯ ಸುತ್ತ ಹುಲ್ಲಿನ ಹಗ್ಗ ಕಟ್ಟಿದ್ದರು.

"ನೀವು ಇಲ್ಲೇ ನಿಲ್ಲಬೇಕು ಮೇಡಂ," ಎಂದ ಹತಕೆಯಾಮಾ. "ಹೆಂಗಸರು ಹಗ್ಗ ದಾಟೋ ಹಾಗಿಲ್ಲ. ಅಮ್ಮನಿಗೆ ಹೊಟ್ಟೆಕಿಚ್ಚು. ತಾನು ಚೆಂದ ಇಲ್ಲ ಅಂತ."

"ನನ್ನ ಮೊಖ ನೋಡಿದ್ರೂನಾ?"

"ಅದನ್ನ ನಾನು ಹೇಳಿದ್ರೆ ನೀವು ನನ್ನ ಟ್ರಾಫಿಕ್ಕಿಗೆ ಹಾಕ್ತೀರ."

ಇನ್ಸ್‌ಪೆಕ್ಟರ್ ಹಗ್ಗದ ಹೊರಗೆ ಹಿಮದಲ್ಲಿ ನಿಂತರು. ಒಳಗೆ ನಾಲ್ವರು ಮಂಡಿಯೂರಿದ್ದರು. ಬೇಟೆ ತಂಡದ ಯಜಮಾನ ನಿಶಿನೆ ತೋಕುಜೋ, ಎಂಬತ್ತೊಂದು ವರ್ಷ, ಹಾಡೂ ಅಲ್ಲದ, ಮಾತೂ ಅಲ್ಲದ ದನಿಯಲ್ಲಿ ಹೇಳತೊಡಗಿದ. ಕೊಡುವವಳೂ ನೀನು, ಕೊಟ್ಟದ್ದನ್ನು ಹೊರುವ ಬೆನ್ನೂ ನಿನ್ನದು ಎನ್ನುವ ಅರ್ಥದ ಸಾಲುಗಳು. ಒಂದೊಂದು ಸಾಲಿಗೂ ಉಳಿದ ಮೂವರು ಉಸಿರು ಹಿಡಿದು ಕಾದು, ಕೊನೆಯ ಅಕ್ಷರಕ್ಕೆ ತಮ್ಮ ದನಿ ಸೇರಿಸುತ್ತಿದ್ದರು. ಕಾಡಿನಲ್ಲಿ ಆಗ ಬೇರೆ ಸದ್ದಿರಲಿಲ್ಲ. ಕೊಂಬೆಯ ಹಿಮ ಕೂಡ ಬೀಳಲಿಲ್ಲ. ತಾವು ಯಾಕೆ ಬಂದಿದ್ದೇವೆ ಎನ್ನುವುದೇ ಇನ್ಸ್‌ಪೆಕ್ಟರಿಗೆ ಅರೆಗಳಿಗೆ ಮರೆತುಹೋಯಿತು. ಕೊಲ್ಲುವುದಕ್ಕೆ ಮೊದಲು ಇಷ್ಟು ಹೊತ್ತು ತಲೆಬಾಗುವ ಜನರನ್ನು ಅವರು ಮೊದಲ ಸಲ ನೋಡುತ್ತಿದ್ದರು.

ಪೂಜೆ ಮುಗಿದ ಮೇಲೆ ಹಗ್ಗದಾಚೆಯಿಂದಲೇ ಕೊಳವೆ ತೋರಿಸಿದರು. ಮುದುಕ ಕಡ್ಡಿ ನೋಡಿದ. ಮುಖದ ಬಣ್ಣ ಇಳಿಯಿತು.

"ಅಜ್ಜ, ಇದು ಯಾರ ಕೈ ಕೆಲಸ?"

"ಮೇಲೆ ಮನುಷ್ಯರ ಹೆಸರು ಎತ್ತಂಗಿಲ್ಲ ಕಣವ್ವ. ಇಲ್ಲಿ ಹೆಸರಿಲ್ಲ ಯಾರಿಗೂ. ಕೆಳಗೆ ಬಾ."

ಕೆಳಗೆ, ತನ್ನ ಮನೆಯ ಅಂಗಳದಲ್ಲಿ, ಮುದುಕ ಬೆಟ್ಟದ ಮಡಿ ಬಿಡಲು ಅಂಗಿ ಕಳಚಿ ಹಿಮ ಕರಗಿದ ನೀರನ್ನು ಮರದ ಬಕೀಟಿನಲ್ಲಿ ಎತ್ತಿ ತಲೆಯ ಮೇಲೆ ಸುರಿದುಕೊಂಡ. ಒಂದು, ಎರಡು, ಮೂರು. ಹೆಂಡತಿ ಟವೆಲ್ ಹಿಡಿದು, "ಸಾಯಿ, ಸಾಯಿ, ನಿಮೋನಿಯ ಬಂದು ಸಾಯಿ," ಎಂದು ಗೊಣಗುತ್ತ ನಿಂತಿದ್ದಳು. ನೀರು ತೊಟ್ಟಿಕ್ಕುತ್ತಿದ್ದ ಹಾಗೇ ಮುದುಕ ಹೇಳಿದ.

"ಈ ಕಚ್ಚು ನಮ್ಮ ತಂಡದ್ದು. ನಾವು ಐದು ಜನ, ಉಳಿದ ನಾಲ್ಕು ಜನಕ್ಕೂ ನಾನೇ ಕಲಿಸಿದ್ದು. ಇವತ್ತು ಅವರಾಗೆ ಮೂರು ಜನ ಬಂದಿದ್ರು. ಬರದೆ ಇದ್ದೋನು ಕುದೊ ಶಿಗೆಮಿ. ಜ್ವರ ಅಂದ."

"ಹೇಗೆ ಅವರು?"

"ತಂಡದಾಗೆ ಕೋವಿ ಹಿಡಿದು ಮೇಲೆ ಕಾಯೋನು ಅವ್ನೇ. ನಾನು ಕಂಡ ಕಾಯೋರಲ್ಲೆಲ್ಲ ಅವನಂಗೆ ಅಲ್ಲಾಡದೆ ಕೂತೋನು ಇನ್ನೊಬ್ಬನಿಲ್ಲ."

ಮಧ್ಯಾಹ್ನ 2.10ಕ್ಕೆ ವಾರಂಟ್ ಪಡೆದು ಕುದೊ ಮನೆಯ ಶೋಧ. ವಯಸ್ಸು 58, ಮೂರು ವರ್ಷದ ಹಿಂದೆ ಹೆಂಡತಿ ತೀರಿಕೊಂಡಿದ್ದಳು. ಮನೆ ಗುಡಿಸಿ ಒರೆಸಿ ಇಟ್ಟಿತ್ತು. ಒಲೆಯಲ್ಲಿ ಬೂದಿ ಕೂಡ ಇರಲಿಲ್ಲ. ಹೆಂಡತಿಯ ಪಟದ ಮುಂದೆ ಹೊಸ ಅನ್ನ ಇಟ್ಟಿದ್ದ. ಮೇಜಿನ ಮೇಲೆ ಚಾರ್ಜಿಗೆ ಹಾಕಿಟ್ಟ ಫೋನು. 'ಮಿನೆಗಾವಾ ಕಾವಲು' ತೆರೆದಿತ್ತು. ಹೊಸ ಸಾಲು ಬಂದಾಗಲೆಲ್ಲ ಖಾಲಿ ಮನೆಯಲ್ಲಿ ಗಂಟೆಯಂತೆ ಟಿಣ್ ಎನ್ನುತ್ತಿತ್ತು. ಕುದೊ ಬರೆದ ಸಾಲು ಅದರಲ್ಲಿ ಒಂದೂ ಇರಲಿಲ್ಲ.

ಕುದೊನನ್ನು ಹುಡುಕಲು ಅರವತ್ತು ಪೊಲೀಸರು, ನಾಯಿಗಳು, ಒಂದು ಹೆಲಿಕಾಪ್ಟರ್. ಬೆಟ್ಟ ಬಾಯಿ ಬಿಡಲಿಲ್ಲ.

ಶುಕ್ರವಾರ ಬೇರೊಂದು ತೊಂದರೆ ಶುರುವಾಯಿತು. ಶನಿವಾರ 11ಕ್ಕೆ ಅರಾಯ್ ಅವರ ಕೊನೆಯ ಭಾಷಣ ಸಾಂಸ್ಕೃತಿಕ ಭವನದಲ್ಲಿತ್ತು. ಬೆಳಗ್ಗೆಯಿಂದ ಭವನಕ್ಕೆ ಇನ್ನೂರು ಬೆದರಿಕೆ ಕರೆ. 10ಕ್ಕೆ ಭವನದವರು ಆಗಲ್ಲ ಎಂದರು. ಸಹಕಾರಿ ಸಂಘದ ಸಭಾಂಗಣ ಗೊತ್ತಾಯಿತು, 11.40ಕ್ಕೆ ಅದೂ ಹೋಯಿತು. ಆಮೇಲೆ ನಿಲ್ದಾಣದ ಚೌಕ, ನದಿ ಬದಿಯ ಪಾರ್ಕು, ಅವೂ ರದ್ದು. ಕರೆ ಮಾಡಬೇಕಾದ ಜಾಗಗಳ ನಂಬರನ್ನೆಲ್ಲ ಗುಂಪಿನಲ್ಲಿ ಹಂಚುತ್ತಿದ್ದವನು ಒಬ್ಬನೇ. ಸೈಬರ್ ವಿಭಾಗ ಅವನನ್ನು ದೂರದ ಚೀಬಾ ನಗರದಲ್ಲಿ ಪತ್ತೆ ಹಚ್ಚಿತು: ಕನ್ನಡಕದ ಅಂಗಡಿಯ ನೌಕರ, ವಯಸ್ಸು 31. ಅಲ್ಲಿನ ಪೊಲೀಸರು ಬಂಧಿಸಿ ಕೇಳಿದ ಪ್ರಶ್ನೋತ್ತರದ ಪ್ರತಿ ಮೂರು ಗಂಟೆಗೆ ಬಂತು.

"ಮಿನೆಗಾವಾ ನೋಡಿದೀಯ?"

"ಮ್ಯಾಪಲ್ಲಿ."

"ಕುದೊ ಯಾರು?"

"ಗೊತ್ತಿಲ್ಲ ಸರ್. ನಾನು ಬರೀ ಕೂಗಿದ್ದು. ಎಲ್ಲರೂ ಕೂಗ್ತಿದ್ರು."

ಅಷ್ಟರಲ್ಲಿ ಅರಾಯ್ ಅವರ ಪ್ರಚಾರದ ಕಾರು ಬೆಟ್ಟದವರೆಗೂ ಕೇಳುವಂತೆ ಹೊಸ ಜಾಗ ಸಾರಿತ್ತು: ಹಳೆ ಗಣಿಯ ಅಂಗಳ, ಅಜ್ಜ ಸತ್ತ ಜಾಗ. ಬೀಗ ಹಾಕುವವರಿಲ್ಲ, ಬೇಡ ಎನ್ನುವವರೂ ಇಲ್ಲ.

4.20ಕ್ಕೆ ನಿಶಿನೆ ತೋಕುಜೋ ತಾನಾಗಿ ಠಾಣೆಗೆ ಬಂದ. ಕೊಟ್ಟ ಟೀ ಮುಟ್ಟದೆ ಗೋಡೆಯ ನಕ್ಷೆಯ ಮುಂದೆ ನಿಂತ. ರದ್ದಾದ ನಾಲ್ಕು ಜಾಗಗಳಿಗೂ ಹತಕೆಯಾಮಾ ಕೆಂಪು ಗುಂಡುಪಿನ್ನು ಚುಚ್ಚಿದ್ದ.

"ಇದನ್ನ ಯಾವ ಯಜಮಾನ ಹೂಡಿದ್ದು?"

"ಏನನ್ನ ಅಜ್ಜ?"

"ಇದು ಸೋವು ಕಣವ್ವ." ಮುದುಕ ಬೆರಳಿನಿಂದ ಒಂದು ಪಿನ್ನಿನಿಂದ ಇನ್ನೊಂದಕ್ಕೆ ಎಳೆದ. "ಕೆಳಗೆ ಇಪ್ಪತ್ತು ಮೂವತ್ತು ಜನ ಕೂಗ್ತಾ ಬರ್ತಾರೆ. ಈ ಕಡೆ ಮುಚ್ಚು, ಆ ಕಡೆ ಮುಚ್ಚು. ಕರಡಿಗೆ ಮೇಲಕ್ಕೆ ಹೋಗೋ ದಾರಿ ಒಂದೇ ಉಳೀಬೇಕು. ಕೂಗೋರು ಕೋವಿ ಹಿಡಿಯಲ್ಲ. ಅವರಿಗೆ ಕರಡೀನೂ ಕಾಣಲ್ಲ, ಕಾಯೋನೂ ಕಾಣಲ್ಲ."

"ಇವರನ್ನ ಯಾರೂ ಹೂಡಿಲ್ಲ. ಒಬ್ಬರಿಗೊಬ್ಬರು ಗೊತ್ತೂ ಇಲ್ಲ."

ಮುದುಕ ತಿರುಗಿ ನೋಡಿದ. ಎಂಬತ್ತೊಂದು ವರ್ಷದಲ್ಲಿ ಅವನು ಹೆದರಿದ್ದು ಕಡಿಮೆ. "ಯಜಮಾನನೇ ಇಲ್ಲದ ಸೋವಾ?" ಎಂದ. ಮತ್ತೆ ನಕ್ಷೆಗೆ ಬೆರಳಿಟ್ಟ. "ಕಾಯೋ ಜಾಗ ಇದು. ಗಣಿ ಮೇಲಿನ ಅಡ್ಡ ಬಂಡೆ. ಅವ್ನು ಈಗಲೇ ಅಲ್ಲಿ ಹೋಗಿ ಕೂರಲ್ಲ, ಕರಡಿಗೆ ವಾಸನೆ ಹತ್ತುತ್ತೆ. ಬೆಳಗ್ಗೆ ಕೂರ್ತಾನೆ. ನಾಯಿ ಬೇಡ, ಜನ ಬೇಡ. ನಾನು ಕರ್ಕೊಂಡು ಹೋಗ್ತೀನಿ."

"ನಾನು ಬರಬೇಕಾಗುತ್ತೆ. ಹೆಂಗಸು."

"ಅಮ್ಮನಿಗೆ ನಾನು ಹೇಳ್ಕೋತೀನಿ ಬಿಡು."

ಶನಿವಾರ ಬೆಳಗ್ಗೆ 6.30ಕ್ಕೆ ಬೆಟ್ಟದ ಹಿಂದಿನ ಮಗ್ಗುಲಿಂದ ಹತ್ತತೊಡಗಿದರು: ಮುದುಕ, ಇನ್ಸ್‌ಪೆಕ್ಟರ್, ಹತಕೆಯಾಮಾ, ಇಬ್ಬರು ಗುರಿಕಾರ ಪೊಲೀಸರು. ಅರಾಯ್ ಅವರಿಗೆ ಸಂದೇಶ ಬರುವವರೆಗೆ ಅಂಗಡಿ ಬಿಡಬಾರದೆಂದು ಹೇಳಿತ್ತು. 9.50ಕ್ಕೆ ಬೆಟ್ಟದ ನೆತ್ತಿಯ ಏಣು ಸಿಕ್ಕಿತು. ಮುದುಕ ಕೈ ಎತ್ತಿದ. ನಲವತ್ತು ಮೀಟರ್ ಕೆಳಗೆ ಅಡ್ಡ ಬಂಡೆ. ಬಂಡೆಯದೇ ಒಂದು ಭಾಗವೆಂಬಂತೆ ಬಿಳಿ ಹೊದ್ದ ಬೆನ್ನು. ಉಸಿರಿನ ಹೊಗೆಯಿಲ್ಲ, ಬಾಯಲ್ಲಿ ಹಿಮ ಇಟ್ಟುಕೊಂಡಿದ್ದ. ಪಕ್ಕದಲ್ಲಿ ಒಂದು ಕಡ್ಡಿ ನೆಟ್ಟಿತ್ತು.

ಆಗ ಕಣಿವೆಯಿಂದ ಧ್ವನಿವರ್ಧಕದ ಸದ್ದು ಏರಿ ಬಂತು.

"ಅರಾಯ್ ಮಿಸಾ, ಅರಾಯ್ ಮಿಸಾ. ಬೆಳಗ್ಗೆ ಬೆಳಗ್ಗೆ ಗದ್ದಲಕ್ಕೆ ಕ್ಷಮಿಸಿ."

"ಇವರಿಗೆ ಯಾರು ಹೊರಡು ಅಂದದ್ದು?" ಹತಕೆಯಾಮಾ ಪಿಸುಗುಟ್ಟಿದ. ಕಾದು ಸಾಕಾಗಿ ಅರಾಯ್ ತಾವೇ ಹೊರಟಿದ್ದರು. ಕಾವಲಿನವರು ವೈರ್‌ಲೆಸ್ಸಿನಲ್ಲಿ ಹೇಳಿದ್ದು ಬೆಟ್ಟದ ಈ ಮಗ್ಗುಲಿಗೆ ಮುಟ್ಟಿರಲಿಲ್ಲ. ಬಿಳಿ ಪ್ರಚಾರದ ಕಾರು ಗಣಿಯ ಅಂಗಳಕ್ಕೆ ಬಂದು ನಿಂತಿತು. ಬಿಳಿ ಕೈಗವಸು ತೊಟ್ಟ ಹೆಂಗಸು ಇಳಿದು, ಇನ್ನೂ ಯಾರೂ ಬಂದಿರದ ಅಂಗಳಕ್ಕೆ ತಲೆಬಾಗಿದರು. ಬಂಡೆಯ ಮೇಲೆ ಕೋವಿ ಭುಜಕ್ಕೆ ಬಂತು. ಗುರಿಕಾರರಿಗೆ ನಡುವೆ ಮರ ಅಡ್ಡ.

ಮುದುಕ ಎದ್ದು ನಿಂತ. ಹೆಸರು ಹಿಡಿದು ಕರೆಯಲಿಲ್ಲ. ಎರಡೂ ಕೈಯನ್ನು ಬಾಯಿಗೆ ಹಿಡಿದು, ಬೇಟೆ ಮುಗಿಯಿತು ಎಂದು ಯಜಮಾನ ಮಾತ್ರ ಕೂಗಬಹುದಾದ ಕೂಗನ್ನು ಕೂಗಿದ. ಒಂದೇ ಸ್ವರ, ಉದ್ದಕ್ಕೆ. ಎದುರು ಬೆಟ್ಟ ಅದನ್ನು ತೆಗೆದುಕೊಂಡು ಹಿಂದಕ್ಕೆ ಕೊಟ್ಟಿತು. ಕೆಳಗೆ ಅರಾಯ್ ಕೂಡ ತಲೆ ಎತ್ತಿದರು. ಆ ಕೂಗಿನ ಮೇಲೆ ಯಾರೂ ಹೊಡೆಯುವಂತಿಲ್ಲ. ಗುರಿ ಕೂತಿದ್ದರೂ, ಕರಡಿ ಎದುರಿಗೇ ಇದ್ದರೂ.

ಇನ್ಸ್‌ಪೆಕ್ಟರ್ ಪಿಸ್ತೂಲು ಹಿಡಿದು ಉಸಿರು ಎಣಿಸಿದರು. ಐದನೆಯ ಉಸಿರಿಗೆ ಕೋವಿಯ ಮೂತಿ ಕೆಳಗಿಳಿಯಿತು. ಆ ಮನುಷ್ಯ ಗುಂಡು ಹೊರತೆಗೆದು, ಕೋವಿಯನ್ನು ಬಂಡೆಯ ಮೇಲೆ ಮಲಗಿಸಿ, ಅದಕ್ಕೊಮ್ಮೆ ನಮಸ್ಕರಿಸಿ, ತಿರುಗದೆ ಕೂತ. 

ಬಂಧನ 10.04ಕ್ಕೆ. ಕೊಲೆ ಯತ್ನ, ಅಕ್ರಮ ಬಂದೂಕು. ಮುದುಕ ಯಾರೊಂದಿಗೂ ಮಾತಾಡದೆ ಬೇರೆ ದಾರಿಯಲ್ಲಿ ಇಳಿದುಹೋದ. ಅರಾಯ್ ಹೇಳಿದ ವೇಳೆಗೇ ಭಾಷಣ ಶುರು ಮಾಡಿದರು. ಕೇಳಲು ನಲವತ್ತು ಜನರಿದ್ದರು.

ಮಧ್ಯಾಹ್ನ 2.15ಕ್ಕೆ ವಿಚಾರಣೆ.

"ಅರಾಯ್ ಅವರು ನಿಮಗೆ ಗೊತ್ತಾ?"

"ಗೊತ್ತು. ನಮ್ಮೋಳಿಗೆ ಕಾಯಿಲೆ ಇದ್ದಾಗ ಹಿಮ ಬಿದ್ದ ದಿನ ನಡ್ಕೊಂಡು ಬಂದು ಔಷಧಿ ಕೊಟ್ಟು ಹೋಗ್ತಿದ್ರು."

"ಅಂಥವರ ಮೇಲೆ ಗುರಿ ಇಟ್ರಿ."

"ಮೇಲೆ ಹೆಸರಿರಲ್ಲ."

"ಒರತೆ ಮಾರ್ತಾರೆ ಅನ್ನೋದನ್ನ ನಂಬಿದ್ರಾ?"

ಕುದೊ ಯೋಚಿಸಿದ. "ಅದನ್ನ ಸರಿಯಾಗಿ ಓದಿಲ್ಲ."

"ಮತ್ತೆ ಯಾಕೆ?"

ಕುದೊ ತಂಡದ ಕಥೆ ಹೇಳಿದ. ಮೊದಲು ತಂಡದಲ್ಲಿ ಮೂವತ್ತು ಜನರಿದ್ದರು. ಈಗ ಐದು. ಐದು ಜನರಲ್ಲಿ ಸೋವು ನಡೆಯುವುದಿಲ್ಲ. ಎಂಟು ಚಳಿಗಾಲ ಅವನು ಕಾಯುವ ಜಾಗಕ್ಕೆ ಹೋಗಿ ಕೂತು ಬಂದಿದ್ದ. ಕೆಳಗಿನಿಂದ ಒಂದು ದನಿಯೂ ಬರಲಿಲ್ಲ. ಹೆಂಡತಿ ಹೋದ ಮೇಲೆ ಮನೆಯಲ್ಲೂ ಇಲ್ಲ. ಆಮೇಲೆ ಫೋನಿನಲ್ಲಿ ಸದ್ದು ಶುರುವಾಯಿತು.

"ನೂರಾರು ಜನ, ಮೇಡಂ. ಹಗಲೂ ರಾತ್ರಿ ಕೂಗ್ತಾ ಇದ್ರು. ಮುಚ್ಚು, ಓಡಿಸು, ಅಲ್ಲಿ ಬಂತು, ಇಲ್ಲಿ ಬಂತು. ನನ್ನ ಕಡೆಗೇ ಬರ್ತಿತ್ತು ಸೋವು. ಕಾಯೋನು ಎದ್ದು ಹೋಗೋಕಾಗುತ್ತಾ?"

ಇನ್ಸ್‌ಪೆಕ್ಟರ್ ತಾವೇ ಹೇಳಿಕೆ ಬರೆದು, ನಿಯಮದಂತೆ ಗಟ್ಟಿಯಾಗಿ ಓದಿ ಹೇಳಿದರು. ಕುದೊ ಕಣ್ಣು ಮುಚ್ಚಿ, ಬೆನ್ನು ನೆಟ್ಟಗೆ ಮಾಡಿ ಕೇಳಿದ. ಹೆಬ್ಬೆಟ್ಟಿಗೆ ಕೆಂಪು ಶಾಯಿ ಹಚ್ಚಿಕೊಂಡವನು ಒತ್ತುವ ಮೊದಲು ತಡೆದ.

"ಏನಾದ್ರೂ ತಪ್ಪಿದೆಯಾ?"

"ತಪ್ಪಿಲ್ಲ. ಒಂದು ಸಾಲು ಸೇರಿಸಿ."

"ಹೇಳಿ."

"ಕೂಗಿದೋರಲ್ಲಿ ಒಬ್ಬರೂ ಬೆಟ್ಟ ಹತ್ತಿ ಬರಲಿಲ್ಲ ಅಂತ."