ಬಾವಿಯೊಳಗಿನ ಕಪ್ಪು ಗಂಟು

"ಕೈಲೆ ಮುಟ್ಟಬ್ಯಾಡ! ಕಟಗೀಲೆ ತಗೀ, ಕಟಗೀಲೆ!"

ಬಾವಿಯ ಮೇಲಿನಿಂದ ಅಜ್ಜಿ ಪದ್ಮವ್ವ ಕೂಗಿದಳು. ಕೊನೆಯ ಮೆಟ್ಟಿಲ ಮೇಲೆ ಬಗ್ಗಿದ್ದ ತ್ರಿಶಲಾ ಚಾಚಿದ ಕೈಯನ್ನು ತಟ್ಟನೆ ಹಿಂದಕ್ಕೆಳೆದುಕೊಂಡಳು.

ನೀರಿನೊಳಗೆ, ಒರತೆಯ ಬಾಯಿಯ ಹತ್ತಿರ, ನಿಂಬೆಹಣ್ಣಿನಷ್ಟು ದೊಡ್ಡ ಗಂಟೊಂದು ತೂಗಾಡುತ್ತಿತ್ತು. ಹೊರಗೆ ಜಾಳುಜಾಳಾದ ಬಟ್ಟೆ. ಒಳಗೆ ಕರ್ರಗೆ ಏನೋ. ಯಾರೋ ಅದನ್ನು ದಾರದಿಂದ ಕಲ್ಲಿಗೆ ಕಟ್ಟಿದ್ದರು.

"ಆಯಿ, ಒಳಗ ಇದ್ದಲಿ ಇದ್ದಂಗ ಐತಿ."

"ಮಾಟಾ ಮಾಡಸೋರು ಇದ್ದಲಿ ಬಿಟ್ಟು ಪೇಢೆ ಕಟ್ಟತಾರೇನ?" ಎಂದಳು ಅಜ್ಜಿ. "ಅದಕ್ಕ ನೋಡು ನಮ್ಮ ಸಿದ್ಧಾಂತನ ಹೊಟ್ಟಿ ಕೆಟ್ಟಿದ್ದು!"

ತ್ರಿಶಲಾಳ ತಮ್ಮ ಸಿದ್ಧಾಂತ ನಿನ್ನೆಯಷ್ಟೇ ಮುಧೋಳದ ದವಾಖಾನೆಯಿಂದ ಮನೆಗೆ ಬಂದಿದ್ದ. ಸಲೈನ್ ಏರಿಸಿದ ಕೈ ಇನ್ನೂ ಊದಿಕೊಂಡಿತ್ತು. "ನೀರು ಕೆಟ್ಟದ್ದಿರಬೇಕು" ಎಂದಿದ್ದರು ಡಾಕ್ಟರು.

ಆ ಮಾತು ಅಜ್ಜಿಗೆ ಮುಳ್ಳಿನಂತೆ ನಟ್ಟಿತ್ತು. ಅವಳು ಎಂದೂ ಸೋಸದ ನೀರು ಕುಡಿದವಳಲ್ಲ, ಕುಡಿಸಿದವಳೂ ಅಲ್ಲ. ಬಟ್ಟೆಯನ್ನು ಎರಡು ಮಡಿಕೆ ಮಾಡಿ ಸೋಸುತ್ತಿದ್ದಳು. ಬಟ್ಟೆಗೆ ಹತ್ತಿಕೊಂಡ ಸಣ್ಣ ಜೀವಗಳು ಸಾಯಬಾರದೆಂದು ಅವನ್ನು ಮತ್ತೆ ಅದೇ ಬಾವಿಗೆ ಮೆಲ್ಲಗೆ ಇಳಿಸುತ್ತಿದ್ದಳು. ಅಂಥವಳ ನೀರಿಗೆ ಹೆಸರಿಡುವುದೆಂದರೆ!

ತ್ರಿಶಲಾ ಕೋಲಿನಿಂದ ಗಂಟನ್ನು ಎತ್ತಿದಳು. ಅಜ್ಜಿಗೆ ಮೊಣಕಾಲು ನೋವು. ಹಾಗಾಗಿ ಮೂರು ದಾರಿ ಕೂಡುವಲ್ಲಿ ಅದನ್ನು ಚೆಲ್ಲಿ ಬರುವ ಕೆಲಸವೂ ಅವಳ ಪಾಲಿಗೇ ಬಂತು.

"ಹೊಳ್ಳಿ ನೋಡಬ್ಯಾಡ ಮತ್ತ!"

ಜಾಲಿಗಿಡದ ನೆರಳಿನಲ್ಲಿ ಗಂಟನ್ನು ಒಗೆದ ತ್ರಿಶಲಾ ಮನೆಯವರೆಗೂ ಒಂದೇ ಉಸಿರಿಗೆ ಓಡಿದಳು. ಹೊರಳಿ ನೋಡಲಿಲ್ಲ.

ಮರುದಿನ ಹೆಡ್‌ಮಾಸ್ಟರ್ ಶಂಕರೆಪ್ಪ ಸರ್ ಜೊತೆಗೆ ಪೂರ್ಣಿಮಾ ಮೇಡಂ ಕ್ಲಾಸಿಗೆ ಬಂದರು. ಅವರನ್ನು ಎಲ್ಲ ಮಕ್ಕಳೂ ನೋಡಿದ್ದರು. ನೀರಿನ ಸಂಶೋಧನೆಗೆಂದು ಬಂದು ಲೋಕಾಪುರದಲ್ಲಿ ಬಾಡಿಗೆ ಖೋಲಿ ಹಿಡಿದಿದ್ದರು. ದಿನಾ ಸ್ಕೂಟಿ ಮೇಲೆ ಬಂದು, ಬಾವಿ ಬಾವಿ ಇಣುಕಿ, ಬಾಟಲಿಯಲ್ಲಿ ನೀರು ತುಂಬಿಕೊಂಡು ಹೋಗುತ್ತಿದ್ದರು.

"ಗುಟುಕಿನ ತಗ್ಗಿನ ನೀರು ಎಲ್ಲಿಗೆ ಹೋಗತೈತಿ, ಹೇಳ್ರಿ ನೋಡೂಣು?" ಎಂದು ಕೇಳಿದರು.

ಊರಾಚೆಯ ಆ ತಗ್ಗು ಯಾರಿಗೆ ಗೊತ್ತಿಲ್ಲ? ಮಳೆ ಬಂದಾಗ ಹಳ್ಳದ ನೀರೆಲ್ಲ ಅದರೊಳಗೆ ಗುಟುಕ್ ಗುಟುಕ್ ಎಂದು ಇಳಿದುಹೋಗುತ್ತದೆ. ನೀರು ಅಷ್ಟೇ ಅಲ್ಲ. ಊರಿನ ಕಸ, ಸತ್ತ ನಾಯಿ, ಕೊಳೆತ ಕಾಯಿಪಲ್ಲೆ, ಎಲ್ಲವನ್ನೂ ಜನ ಅಲ್ಲಿಯೇ ಒಗೆಯುತ್ತಾರೆ. ಮುಂದಿನ ಮಳೆಗೆ ತಗ್ಗು ಖಾಲಿ.

"ಪಾತಾಳಕ್ಕ ಹೋಗತೈತ್ರಿ ಮಿಸ್!"

"ಏ ಇಲ್ಲರೀ, ಸಮುದ್ರಕ್ಕ!"

"ನಿಮ್ಮ ಮನಿಗೆ ಬರತೈತೇನಲೇ ಸಮುದ್ರ?" ಎಂದು ಹಿಂದಿನ ಬೆಂಚಿನ ಪ್ರೇಮಕುಮಾರ ಕಾಲೆಳೆದ. ಎಲ್ಲರೂ ನಕ್ಕರು.

ಮೇಡಂ ಕೂಡ ನಕ್ಕರು. "ನಮ್ಮ ಕಾಲ ಕೆಳಗ ಇರೂದು ಸುಣ್ಣದ ಕಲ್ಲು. ಬೆಲ್ಲದ ಪೆಂಟಿ ಮ್ಯಾಲ ದಿನಾ ನಾಕ ಹನಿ ನೀರು ಬಿದ್ರ ಏನಾಕ್ಕೇತಿ?"

"ತೂತು ಬೀಳತೈತ್ರಿ!"

"ಹಂಗ. ಸಾವಿರಾರು ವರ್ಷ ನೀರು ಹರದು ಹರದು ಕಲ್ಲಿನ್ಯಾಗ ಓಣಿ ಆಗ್ಯಾವ. ನಿಮ್ಮೂರ ಕೆಳಗ ಇನ್ನೊಂದು ಊರಿನಷ್ಟು ಓಣಿ ಅದಾವ. ಯಾವ ಓಣಿ ಯಾವ ಬಾವಿಗೆ ಹೊಂದೇತಿ, ಅದನ್ನ ಹುಡುಕೂದ ನನ್ನ ಕೆಲಸ."

ದೊಡ್ಡ ಮಳೆಯಾದ ದಿನ ಅವರು ಆ ತಗ್ಗಿಗೆ ಬಣ್ಣ ಸುರಿದಿದ್ದರಂತೆ. ಯಾರಿಗೂ ತೊಂದರೆ ಮಾಡದ ಹಸಿರು ಬಣ್ಣ. ಬಾವಿ ಸೇರುವಷ್ಟರಲ್ಲಿ ಅದು ಎಷ್ಟು ತೆಳ್ಳಗಾಗುತ್ತದೆಂದರೆ ಕಣ್ಣಿಗೆ ಕಾಣುವುದಿಲ್ಲ. ಆದರೆ ಇದ್ದಲಿ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ.

"ಅದಕ್ಕ ಎಲ್ಲಾ ಬಾವಿಗೂ ಇಂಥಾದ್ದು ಕಟ್ಟಿದ್ದೆ" ಎಂದು ಮೇಡಂ ಚೀಲದಿಂದ ಒಂದು ಕಪ್ಪು ಗಂಟನ್ನು ಎತ್ತಿ ತೋರಿಸಿದರು.

ಅದೇ ಜಾಳು ಬಟ್ಟೆ, ಅದೇ ದಾರ; ನಿನ್ನೆ ತ್ರಿಶಲಾ ಒಗೆದು ಬಂದದ್ದು ಇಂಥದ್ದನ್ನೇ!

"ಇವತ್ತ ಮುಂಜಾನೆ ಎಲ್ಲಾ ಬಿಚ್ಚಿಕೊಂಡು ಬಂದೆ. ಬಸದಿ ಓಣಿ ಬಾವೀದು ಒಂದ ಸಿಗವಲ್ದು."

"ಇನ್ನೊಂದ ಕಟ್ರಿ ಮಿಸ್" ಎಂದಳು ಮನೀಷಾ.

"ಬಣ್ಣ ಆಗಲೇ ದಾಟಿ ಹೋಗಿರತೈತವಾ. ಮುಂದಿನ ಮಳಿಗಾಲದ ತನಕ ಕಾಯಬೇಕು."

ಮುಂದಿನ ಮಳೆಗಾಲ! ಅಲ್ಲಿಯವರೆಗೆ ತಮ್ಮ ಓಣಿಯ ಆ ಬಾವಿಯ ನೀರು ಒಳ್ಳೆಯದೋ ಕೆಟ್ಟದ್ದೋ ಯಾರಿಗೂ ಗೊತ್ತಾಗುವುದಿಲ್ಲ. ಸಿದ್ಧಾಂತ ದಿನಾ ಅದನ್ನೇ ಕುಡಿಯುತ್ತಾನೆ. ತ್ರಿಶಲಾಳಿಗೆ ಮುಂದಿನ ಪಾಠ ಕಿವಿಗೇ ಬೀಳಲಿಲ್ಲ.

ಊಟದ ಬಿಡುವಿನಲ್ಲಿ ಸ್ಕೂಟಿ ಹತ್ತುತ್ತಿದ್ದ ಮೇಡಂ ಎದುರಿಗೆ ಹೋಗಿ ನಿಂತಳು.

"ಮಿಸ್... ಅದನ್ನ ನಾ ತಗದೇನ್ರಿ."

"ಯಾವುದನ್ನ?"

"ಗಂಟ. ಆಯಿ ಮಾಟಾ ಅಂದ್ಲರಿ. ಮೂರು ದಾರಿಗೆ ಒಗದ ಬಂದೇನ್ರಿ."

ಮೇಡಂ ಸ್ಕೂಟಿಯಿಂದ ಕೆಳಗಿಳಿದರು. ಆಮೇಲೆ, "ಪಂಚಾಯ್ತಿ ಕಟ್ಟಿ ಮ್ಯಾಲ ಎಲ್ಲಾರಿಗೂ ಹೇಳಿದ್ದೆನಲ್ಲವಾ?" ಎಂದರು.

"ಅಲ್ಲಿ ಗಂಡಸರಷ್ಟ ಕುಂದರತಾರ್ರಿ. ನೀರು ತರಾಕ ನಾವು ಹೋಗತೇವ್ರಿ."

ಮೇಡಂ ಹಣೆ ಹಣೆ ಬಡಿದುಕೊಂಡರು. "ಖರೆ. ನನಗ ತಿಳೀಬೇಕಿತ್ತು. ಬಾ, ಕೂಡು ಗಾಡಿ ಮ್ಯಾಲ."

ಮೂರು ದಾರಿ ಕೂಡುವಲ್ಲಿ ಇಬ್ಬರೂ ಇಳಿದರು. ಗಂಟು ಒಗೆದ ಜಾಗದಲ್ಲೇ ಬಿದ್ದಿತ್ತು! ಹಸಿ ಮಣ್ಣಿನ ಮೇಲೆ ಕಬ್ಬಿನ ಟ್ರಾಕ್ಟರಿನ ಗಾಲಿಯ ಗುರುತು ಇತ್ತು. ಅದು ನೇರ ಬಂದು, ಗಂಟಿನ ಹತ್ತಿರ ಸೊಟ್ಟಗಾಗಿ, ಅಷ್ಟು ದೂರದಿಂದ ಬಳಸಿ ಹೋಗಿತ್ತು. ಕುರಿ ಹಿಂಡಿನ ಹೆಜ್ಜೆಗಳೂ ಹಾಗೆಯೇ ಬಳಸಿ ಹೋಗಿದ್ದವು.

"ನೋಡಿದ್ಯಾ?" ಎಂದು ಮೇಡಂ ನಕ್ಕರು. "ನಾ ಕಾವಲುಗಾರನ್ನ ಇಟ್ಟಿದ್ರೂ ಇಷ್ಟು ಛಲೋ ಕಾಯತಿದ್ದಿಲ್ಲ."

ಅವರು ಬಗ್ಗುವ ಮೊದಲೇ ತ್ರಿಶಲಾ ಬಗ್ಗಿದಳು. ಬರಿಗೈಯಿಂದಲೇ ಗಂಟನ್ನು ಎತ್ತಿಕೊಂಡಳು. ಏನೂ ಆಗಲಿಲ್ಲ. ಬೆರಳಿಗೆ ಒಂದಿಷ್ಟು ಮಸಿ ಹತ್ತಿತು, ಅಷ್ಟೇ.

ರವಿವಾರ ಶಾಲೆಯಲ್ಲಿ ಊರಿನವರೆಲ್ಲ ಸೇರಿದರು. ಈ ಸಲ ಹೆಂಗಸರೇ ಮುಂದೆ ಕುಳಿತಿದ್ದರು. ಹಾಗೆಂದು ಮೇಡಂ ಮನೆಮನೆಗೆ ಹೋಗಿ ಹೇಳಿದ್ದರು.

ಕಿಟಕಿ ಮುಚ್ಚಿದರು. ಸಾಲು ಬಾಟಲಿಗಳಲ್ಲಿ ಇದ್ದಲಿ, ಅದರ ಮೇಲೆ ಇದ್ದಲಿ ಹಿಡಿದ ಬಣ್ಣವನ್ನು ಬಿಡಿಸುವ ಔಷಧಿಯಂಥ ತಿಳಿನೀರು. ಮೇಡಂ ಒಂದೊಂದಕ್ಕೇ ನೀಲಿ ಟಾರ್ಚ್ ಹಿಡಿದರು. ಮೊದಲನೆಯದರಲ್ಲಿ ಏನೂ ಇಲ್ಲ. ಎರಡನೆಯದರಲ್ಲೂ ಏನೂ ಇಲ್ಲ. ಬಸದಿ ಓಣಿಯ ಬಾವಿಯ ಬಾಟಲಿಗೆ ಹಿಡಿದಾಗ, ಗಿಳಿಯ ರೆಕ್ಕೆಯಂಥ ಹಸಿರು ಇದ್ದಲಿಯ ಮೇಲಿಂದ ಎದ್ದು ಬಂತು.

"ಅಯ್ಯೋ ನಮ್ಮವ್ವಾ!" ಎಂದರು ಯಾರೋ.

"ತಗ್ಗಿನ್ಯಾಗ ಒಗದಿದ್ದೆಲ್ಲಾ ಈ ಬಾವಿಗೆ ಬರಾಕತ್ತೇತಿ" ಎಂದರು ಮೇಡಂ.

ಪದ್ಮವ್ವ ಎದ್ದು ನಿಂತಳು. "ನಾ ಎರಡ ಮಡಿಕಿ ಬಟ್ಟೀಲೆ ಸೋಸತೇನ್ರಿ ಅಕ್ಕಾರ. ಆದ್ರೂ ನನ್ನ ಮೊಮ್ಮಗ..."

"ಬಟ್ಟಿ ಹುಳಾ ಹಿಡೀತೈತ್ರಿ ಅಜ್ಜಿ. ರೋಗ ಹಚ್ಚೂ ಕ್ರಿಮಿ ಅದಕ್ಕಿಂತ ಭಾಳ ಸಣ್ಣವು, ನೂಲಿನ ಸಂದಿಯಿಂದ ದಾಟತಾವ. ನಿಮ್ಮದೇನೂ ತಪ್ಪಿಲ್ಲ. ನೀವು ಸೋಸಿದ್ದಕ್ಕ ರೋಗ ಇಷ್ಟಕ್ಕ ನಿಂತೇತಿ. ಇನ್ನ ಮ್ಯಾಲ ಸೋಸಿ, ಕುದಿಸಿ ಕುಡೀರಿ. ತಗ್ಗಿಗೆ ಕಸಾ ಒಗಿಯೂದನ್ನ ಎಲ್ಲಾರೂ ಬಿಡ್ರಿ."

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ಕುಳಿತಳು. ಎಷ್ಟೋ ದಿನದಿಂದ ಗಂಟಿಕ್ಕಿದ್ದ ಅವಳ ಮುಖ ಈಗ ಸಡಿಲಾಗಿತ್ತು.

ಶಂಕರೆಪ್ಪ ಸರ್ ಮೇಜಿನ ಮೇಲಿನ ಗಂಟು ಬಿಚ್ಚಿದ ಬಟ್ಟೆಗಳನ್ನು ನೋಡುತ್ತ, "ಮೇಡಂ, ಇದೊಂದಕ್ಕ ಇಷ್ಟು ಮಣ್ಣು ಹೆಂಗ ಹತ್ತೇತ್ರಿ?" ಎಂದು ಕೇಳಿದರು.

ತ್ರಿಶಲಾ ನೆಲ ನೋಡಿದಳು. ಪಕ್ಕದಲ್ಲಿ ಅಜ್ಜಿಯ ಬಳೆಗಳ ಸದ್ದು ನಿಂತೇ ಹೋಯಿತು.

"ಅದು ಕಳದಿತ್ತರಿ" ಎಂದರು ಮೇಡಂ. "ತ್ರಿಶಲಾ ಹುಡುಕಿ ತಂದು ಕೊಟ್ಟಳು. ಆಕಿ ತರದಿದ್ರ ಇವತ್ತ ಈ ಹಸಿರು ಯಾರಿಗೂ ಕಾಣತಿದ್ದಿಲ್ಲ."

ಎಲ್ಲರೂ ಚಪ್ಪಾಳೆ ತಟ್ಟಿದರು. ಪ್ರೇಮಕುಮಾರ ಸಿಳ್ಳೆ ಹಾಕಿ ಬೈಸಿಕೊಂಡ.

ಜನ ಕರಗಿದ ಮೇಲೆ ಅಜ್ಜಿ ಮೊಣಕಾಲು ಹಿಡಿದುಕೊಂಡು ಮೇಡಂ ಹತ್ತಿರ ಹೋದಳು. ಮಣ್ಣು ಹತ್ತಿದ ಆ ಬಟ್ಟೆಯನ್ನು ಎತ್ತಿ, ಕೊಡವಿ, ಮಡಚಿಟ್ಟಳು. ಕೊನೆಗೆ, "ಊಟಕ್ಕ ಬರ್ರಿ ಅಕ್ಕಾರ. ಹೊತ್ತು ಮುಳುಗೂದ್ರಾಗ ಉಣ್ಣತೇವಿ ನಾವು. ತಡಾ ಮಾಡಬ್ಯಾಡ್ರಿ" ಎಂದಳು.

ತ್ರಿಶಲಾ ಮೇಡಂ ಜೊತೆ ಬಾಟಲಿಗಳನ್ನು ಜೋಡಿಸುತ್ತ ಮೆಲ್ಲಗೆ ಕೇಳಿದಳು. "ಮಿಸ್, ನೀವ್ಯಾಕ ಹೇಳಲಿಲ್ಲರಿ?"

"ಏನನ್ನ?" ಎಂದರು ಮೇಡಂ, ಬಾಟಲಿಯ ಮುಚ್ಚಳ ತಿರುಗಿಸುತ್ತ.

ತ್ರಿಶಲಾ ನಕ್ಕು ಹೊರಗೆ ನೋಡಿದಳು. ಅಜ್ಜಿ ಕುಂಟುತ್ತಾ ಗೇಟು ದಾಟುತ್ತಿದ್ದಳು. ಓಡಿಹೋಗಿ ಅವಳ ಕೈ ಹಿಡಿದುಕೊಂಡಳು.

"ಆಯಿ, ಹೋಳಿಗಿ ಮಾಡೂಣ?"

"ಮತ್ತ? ಬರೇ ರೊಟ್ಟಿ ಹಾಕತಾರೇನ ಅವ್ರಿಗೆ!" ಎಂದಳು ಅಜ್ಜಿ, ಮೊಮ್ಮಗಳ ಕೈಯನ್ನು ಗಟ್ಟಿಯಾಗಿ ಒತ್ತುತ್ತ.