ಆರನೇ ದೊಡ್ಡಿಯ ಯಜಮಾನಿ

ಪೈಪು ಹಿಡಿದು ಪ್ರಯೋಗಾಲಯದ ಕೊಟ್ಟಿಗೆಯ ನೆಲ ತೊಳೆಯುತ್ತಿದ್ದವಳ ಏಪ್ರನ್ನಿನ ದಾರವನ್ನು ಹಿಂದಿನಿಂದ ಯಾರೋ ಜಗ್ಗಿದರು. ತಿರುಗಿಯೂ ನೋಡದೆ ಅಕ್ಕ ಗದರಿದಳು, "ಬಿಡೇ, ಈಗ ತಾನೆ ತಿಂದಿದೀಯ." ದಾರ ಬಿಡಲಿಲ್ಲ. ಆರನೇ ದೊಡ್ಡಿಯ ಕುರಿ ಹಿಡಿದದ್ದನ್ನು ಸುಲಭಕ್ಕೆ ಬಿಡುವ ಪೈಕಿಯಲ್ಲ. ಅದಕ್ಕೇ ಅಕ್ಕ ಅದಕ್ಕೆ ಯಜಮಾನಿ ಎಂದು ಹೆಸರಿಟ್ಟಿದ್ದಳು.

ಅಷ್ಟರಲ್ಲಿ ಡಾಕ್ಟರು ಬಾಗಿಲಿಗೆ ಬಂದು, ಬೂಟು ಒದ್ದೆಯಾಗದಂತೆ ಕೊಕ್ಕರೆಯ ಹಾಗೆ ಒಂಟಿಕಾಲಲ್ಲಿ ನಿಂತು ಹೇಳಿಬಿಟ್ಟರು, "ಅಕ್ಕಾ, ಆರನೇದನ್ನ ಮುಗಿಸಿಬಿಡೋಣ. ಪಶುವೈದ್ಯರು ಸೋಮವಾರ ರಜೆಯಿಂದ ಬರ್ತಾರೆ. ಒಂದು ಇಂಜೆಕ್ಷನ್, ಅಷ್ಟೆ."

"ಅದು ನಿಮಗೇನು ಮಾಡ್ತು ಡಾಕ್ಟ್ರೇ?"

"ಏನೂ ಮಾಡ್ಲಿಲ್ಲ. ಅದೇ ತೊಂದರೆ."

ಅವರ ಮಾತಿನಲ್ಲೂ ಸುಳ್ಳಿರಲಿಲ್ಲ. ಹೊಟ್ಟೆಯ ಗೋಡೆ ಸಡಿಲವಾಗಿ ಕರುಳು ಹೊರಗೆ ತಳ್ಳುವ ಕಾಯಿಲೆಗೆ ಅವರು ಹೊಸ ಬಗೆಯ ಬಲೆಯ ತೇಪೆಯೊಂದನ್ನು ಕಂಡುಹಿಡಿದಿದ್ದರು. ಮನುಷ್ಯರಿಗೆ ಹಾಕುವ ಮೊದಲು ಆರು ಕುರಿಗಳಿಗೆ ಹಾಕಿ ನೋಡುತ್ತಿದ್ದರು. ಐದರಲ್ಲಿ ತೇಪೆ ಕೂತಿತು. ಯಜಮಾನಿಯ ಹೊಟ್ಟೆಯಲ್ಲಿ ಜಾರಿತು. ಅದನ್ನು ತೆಗೆದು ಮಾಮೂಲಿ ದಾರದಲ್ಲಿ ಹೊಲಿದರು. ಕುರಿ ಗುಂಡುಕಲ್ಲಿನ ಹಾಗಾಯಿತು, ಆದರೆ ಸಂಶೋಧನೆಯ ಲೆಕ್ಕದಿಂದ ಹೊರಬಿತ್ತು. ಹೊರಬಿದ್ದ ಪ್ರಾಣಿಯನ್ನು ಇಟ್ಟುಕೊಳ್ಳುವಂತಿಲ್ಲ, ಯಾರಿಗೂ ಕೊಡುವಂತಿಲ್ಲ. ನಿಯಮ.

ಅಕ್ಕ ಸಂಶೋಧನೆಯ ವಿರೋಧಿಯಲ್ಲ. ಅವಳ ಗಂಡ ಇವತ್ತು ಮೂಟೆ ಹೊತ್ತು ತಿರುಗುತ್ತಿದ್ದರೆ ಅದು ಹಿಂದೆ ಯಾವುದೋ ಕುರಿಯ ಹೊಟ್ಟೆಯಲ್ಲಿ ಪಾಸಾದ ತೇಪೆಯಿಂದಲೇ. ಹತ್ತೊಂಬತ್ತು ವರ್ಷ ಈ ಕೊಟ್ಟಿಗೆಯಲ್ಲಿ ದುಡಿದು, ಹೋದವಕ್ಕೆಲ್ಲ ಮನಸ್ಸಿನಲ್ಲೇ ಕೈಮುಗಿದು ಕಳಿಸಿದ್ದಳು. ಆದರೆ ಏನೂ ಪ್ರಯೋಜನವಿಲ್ಲದೆ, ಬರೀ ಒಂದು ನಿಯಮದ ಬಾಯಿಗೆ ಈ ಹಟಮಾರಿಯನ್ನು ಹಾಕಲು ಅವಳು ತಯಾರಿರಲಿಲ್ಲ. ನಿವೃತ್ತಿಗೆ ಇನ್ನು ನಾಲ್ಕೇ ತಿಂಗಳು. ಕದ್ದು ಸಾಗಿಸುವಾಗ ಸಿಕ್ಕಿಬಿದ್ದರೆ ಕೆಲಸವೂ ಹೋಯಿತು, ಪಿಂಚಣಿಯೂ ಹೋಯಿತು, ಕುರಿಯೂ ವಾಪಸು ಬಂದು ಸೂಜಿಗೆ ಕೊರಳು ಕೊಟ್ಟಿತು. ಆದ್ದರಿಂದ ಸಿಕ್ಕಿಬೀಳಬಾರದು. ಅಷ್ಟೇ ತಾನೆ, ಎಂದುಕೊಂಡು ನಲ್ಲಿ ನಿಲ್ಲಿಸಿದಳು.

ಉಪಾಯ ಹೊಳೆಯಲು ಅರ್ಧ ಗಂಟೆ ಸಾಕಾಯಿತು. ಇಷ್ಟು ವರ್ಷ ನೆಲ ತೊಳೆದವಳಿಗೆ ಆ ಕಟ್ಟಡದಲ್ಲಿ ಯಾರು ಏನನ್ನು ನೋಡುತ್ತಾರೆ, ಏನನ್ನು ನೋಡುವುದಿಲ್ಲ ಎಂಬುದು ಅಂಗೈಯ ಗೆರೆಯಷ್ಟು ಪರಿಚಿತ. ಭಾನುವಾರ ಕೊಟ್ಟಿಗೆಯಲ್ಲಿ ಅವಳೊಬ್ಬಳೇ. ಲೆಕ್ಕದಿಂದ ಹೊರಬಿದ್ದ ಕುರಿ ತಾನಾಗಿ ಸತ್ತರೆ ಅದನ್ನು ಯಾರೂ ಕುಯ್ದು ನೋಡುವುದಿಲ್ಲ. ಹಳದಿ ಚೀಲಕ್ಕೆ ಹಾಕಿ, ಬಾಯಿಗೆ ಸೀಲು ಒತ್ತಿ, ತೂಕ ಬರೆದಿಟ್ಟರೆ ಸೋಮವಾರ ಸುಡುವ ಗಾಡಿಯವನು ಒಯ್ಯುತ್ತಾನೆ. ಅವನು ನೋಡುವುದು ಸೀಲು ಮತ್ತು ತೂಕ. ಯಜಮಾನಿಯ ತೂಕ ನಲವತ್ತಾರು ಕಿಲೋ. ನೆನೆಸಿದ ಹುಲ್ಲು, ಸವೆದ ರಬ್ಬರ್ ಚಾಪೆ ಎರಡು, ಮೇಲೊಂದು ಹಳೇ ಕಂಬಳಿ. ತಕ್ಕಡಿಯ ಮುಳ್ಳು ಕೂದಲೆಳೆಯಷ್ಟೂ ತಪ್ಪದ ಹಾಗೆ ಚೀಲ ತುಂಬಿಸಬಲ್ಲಳು.

ಉಳಿದದ್ದು ದಿನಚರಿಯ ಹಾಳೆ. ಒಂದೊಂದು ಕುರಿಗೂ ತಿಂಗಳಿಗೊಂದು ಹಾಳೆ. ಎಷ್ಟು ತಿಂದಿತು, ಹಿಕ್ಕೆ ಹೇಗಿದೆ, ಗೆಲುವಾಗಿದೆಯೋ ಇಲ್ಲವೋ, ಕಂಡದ್ದನ್ನು ಕಂಡಹಾಗೆ ದಿನಕ್ಕೊಂದು ಸಾಲು. ತಿಂಗಳ ಕೊನೆಗೆ ಡಾಕ್ಟರು ಕೆಳಗೆ ಸಹಿ ಗೀಚುತ್ತಾರೆ. ಓದುವುದಿಲ್ಲ. ಅವಳು ಮೂರು ದಿನ ಮೊದಲೇ ರೋಗ ಶುರು ಮಾಡಿದಳು. ಗುರುವಾರ "ಮೇವು ಅರ್ಧ ಬಿಟ್ಟಿದೆ." ಶುಕ್ರವಾರ "ಮಂಕಾಗಿದೆ." ಶನಿವಾರ "ನಿಲ್ಲಲಾರದು." ಅದನ್ನು ಬರೆಯುವಾಗ ನಿಲ್ಲಲಾರದ ಕುರಿ ಅವಳ ಚಪ್ಪಲಿಯ ಪಟ್ಟಿಯನ್ನು ಅಗಿಯುತ್ತಿತ್ತು. ಚೀಲ ತುಂಬುವುದಕ್ಕಿಂತ ಆ ಮೂರು ಸಾಲು ಬರೆಯುವುದೇ ಅವಳಿಗೆ ಕಷ್ಟವಾಯಿತು. ಪೆನ್ನು ಹಿಡಿದ ಕೈ ಬೇರೆಯವರದೇನೋ ಎಂಬಂತೆ ಮೊಂಡು ಹಿಡಿಯಿತು.

ಭಾನುವಾರ ಮಧ್ಯಾಹ್ನ ಯಜಮಾನಿ ಕೊಳೆಬಟ್ಟೆಯ ತಳ್ಳುಗಾಡಿಯಲ್ಲಿ, ಆಪರೇಷನ್ ಕೋಣೆಯ ಹಸಿರು ಬಟ್ಟೆಗಳ ಅಡಿಯಲ್ಲಿ, ಬಾಯಿ ತುಂಬ ಕ್ಯಾರೆಟ್ಟಿನೊಂದಿಗೆ ಹೊರಟಿತು. ಗೇಟಿನ ಹತ್ತಿರ ಕ್ಯಾರೆಟ್ ಮುಗಿಯಿತು.

"ಬ್ಯಾ."

ಕಾವಲುಗಾರ ಊಟದ ಡಬ್ಬಿಯಿಂದ ತಲೆ ಎತ್ತಿದ. "ಏನಕ್ಕಾ ಅದು?"

"ಚಕ್ರ ಕಣಪ್ಪಾ. ಎಣ್ಣೆ ಹಾಕ್ಸಿ ಅಂತ ಒಂದು ವರ್ಷದಿಂದ ಬಾಯಿ ಬಡ್ಕೋತಿದೀನಿ. ಯಾರು ಕೇಳ್ತಾರೆ?"

"ಬಾಯಿ ಬಡ್ಕೊಳ್ಳೋದು ಚಕ್ರಾನೇ ಬಿಡಿ. ಒಳ್ಳೆ ಕುರಿ ಕೂಗಿದ ಹಾಗೆ ಕೂಗುತ್ತೆ."

"ಕುರಿಗಳ ಮಧ್ಯೆ ಇದ್ದೂ ಇದ್ದೂ ಕಲ್ತಿರ್ಬೇಕು," ಎಂದು ಅಕ್ಕ ಜೋರಾಗಿ ನಕ್ಕಳು. ಅವನೂ ನಕ್ಕು ಗೇಟು ತೆಗೆದ.

ಮೂಲೆಯಲ್ಲಿ ನಾದಿನಿ ಸಸಿ ಸಾಗಿಸುವ ತನ್ನ ಸಣ್ಣ ವ್ಯಾನು ನಿಲ್ಲಿಸಿಕೊಂಡು ಕಾಯುತ್ತಿದ್ದಳು. ಬಟ್ಟೆ ಸರಿಸಿ ನೋಡಿ ಹಣೆ ಚಚ್ಚಿಕೊಂಡಳು. "ಅತ್ತಿಗೇ, ಕುರಿಮರಿ ಅಂದ್ರಲ್ಲಾ! ಇದು ಮರಿನಾ? ನಮ್ಮತ್ತೆ ಇದ್ದಂಗಿದೆ, ನೋಟ ನೋಡಿ!"

"ನಿಮ್ಮಣ್ಣನ ಹೊಟ್ಟೆ ಉಳಿಸಿದ ವಂಶ ಕಣೇ ಇದು. ಮರ್ಯಾದೆ ಕೊಟ್ಟು ಹತ್ತಿಸ್ಕೋ."

ಸೋಮವಾರ ಗಾಡಿಯವನು ಚೀಲ ಎತ್ತಿ, ತೂಗಿ, "ನಲವತ್ತಾರು, ಸರಿ," ಎಂದು ಹೊತ್ತುಕೊಂಡು ಹೋದ. ಡಾಕ್ಟರು ಸುದ್ದಿ ಕೇಳಿ ಕನ್ನಡಕ ತೆಗೆದು ಒರೆಸಿಕೊಂಡರು. "ಪಾಪ. ಆದ್ರೂ ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು ಅಕ್ಕಾ. ನನಗೆ ಮನಸ್ಸಿರ್ಲಿಲ್ಲ." ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಲ್ಲಿ ನೀರೇನೂ ಇರಲಿಲ್ಲ, ನಗುವನ್ನು ಒರೆಸಿಕೊಂಡದ್ದು.

ಅಲ್ಲಿಂದ ದಿನಗಳು ಹಬೆಯಾಡುವ ಚಹದಷ್ಟು ಹಿತವಾಗಿ ಸಾಗಿದವು. ಬೆಳಿಗ್ಗೆ ಕೆಲಸಕ್ಕೆ ಹೋಗುವ ದಾರಿಯಲ್ಲಿ ನಾದಿನಿಯ ಹಿತ್ತಲಿಗೆ ಹೊಕ್ಕು ಯಜಮಾನಿಯ ಕಿವಿ ತುರಿಸಿ, ಹೊಟ್ಟೆಯ ಹೊಲಿಗೆಯ ಗುರುತು ಮುಟ್ಟಿ ನೋಡಿ ಬರುತ್ತಿದ್ದಳು. ಒಂದೇ ಒಂದು ಮುಳ್ಳು ಉಳಿದಿತ್ತು. ಪ್ರಾಣಿಗಳ ಯೋಗಕ್ಷೇಮ ನೋಡುವ ಸಮಿತಿಗೆ ಡಾಕ್ಟರು ಕಳಿಸಬೇಕಾದ ವರದಿಯ ಪತ್ರ ನಾಲ್ಕು ತಿಂಗಳಿಂದ ಮೇಜಿನ ಮೇಲೆ ಧೂಳು ತಿನ್ನುತ್ತಿತ್ತು. ತೇಪೆ ಜಾರಿತು ಎಂದು ಬರೆಯಲು ಅವರಿಗೆ ನಾಚಿಕೆ. ಪತ್ರ ಹೋಗದಿದ್ದರೆ ತಪಾಸಣೆಗೆ ಬರುತ್ತೇವೆ ಎಂದು ಸಮಿತಿಯ ಕಾರ್ಯದರ್ಶಿ ಫೋನು ಮಾಡಿದ್ದರು. ಆಕೆ ಸಾಲಿನ ಕೆಳಗೆ ಸ್ಕೇಲು ಇಟ್ಟುಕೊಂಡು ಓದುವ ಹೆಂಗಸು. ಬಂದು ಕೂತರೆ ಗಾಡಿಯವನನ್ನೂ ಕಾವಲುಗಾರನನ್ನೂ ಕರೆಸಿ ಕೇಳದೆ ಎದ್ದಾಳೇ?

ತಿಂಗಳ ಕೊನೆಯ ದಿನ ಅಕ್ಕ ಚಹದ ಲೋಟವನ್ನು ಡಾಕ್ಟರ ಕೈಗೆ ಸಿಗದಷ್ಟು ದೂರದಲ್ಲಿಟ್ಟಳು.

"ಮೊದಲು ಪತ್ರ ಮುಗಿಸಿ, ಆಮೇಲೆ ಚಹ."

"ನಾಳೆ ಬರೀತೀನಿ ಅಕ್ಕಾ."

"ನಿಮ್ಮ ನಾಳೆಗೆ ನಾಲ್ಕು ತಿಂಗಳು ತುಂಬ್ತು. ಐದು ಗೆದ್ದಿದೆ, ಒಂದು ಸೋತಿದೆ. ಬರೆಯೋಕೇನು ಕಷ್ಟ? ಜೊತೆಗೆ ಹೋಗೋ ದಿನಚರಿ ಹಾಳೆಗಳು ನಂದು, ಎಲ್ಲಾ ಅಚ್ಚುಕಟ್ಟಾಗಿವೆ. ಸಹಿ ಹಾಕಿಕೊಡಿ, ಅಂಚೆಗೆ ನಾನೇ ಹಾಕಿ ಬರ್ತೀನಿ."

ಡಾಕ್ಟರು ಸೋತರು. ಪತ್ರ ಬರೆದರು. ಆರು ಹಾಳೆಗಳನ್ನು ಬೀಸಣಿಗೆಯ ಹಾಗೆ ಹರಡಿ ಕೆಳಗೆ ಆರು ಸಹಿ ಗೀಚಿ, ಚಹಕ್ಕೆ ಕೈ ಚಾಚಿದರು. ಅಕ್ಕ ಎಲ್ಲವನ್ನೂ ಲಕೋಟೆಗೆ ತುಂಬಿ, ಅಂಟು ಸವರಿ, ಅಂಗೈಯಿಂದ ಒತ್ತಿದಳು.

ಅಂಚೆ ಕಚೇರಿಯ ಗುಮಾಸ್ತೆ ಮುದ್ರೆ ಒತ್ತಿ, "ನಾಳೆನೇ ತಲುಪುತ್ತೆ," ಎಂದಳು. ಲಕೋಟೆ ಚೀಲದೊಳಕ್ಕೆ ಬಿತ್ತು. ಅಕ್ಕ ಹಗುರಾಗಿ ಹೊರಟಳು, ಹಾಡು ಗುನುಗುತ್ತ, ನಾದಿನಿಯ ಮನೆಯ ಕಡೆಗೆ. ಆದರೆ ಹತ್ತೊಂಬತ್ತು ವರ್ಷ ಸಂಜೆಯ ಚಹದ ಜೊತೆ ಸಾಲಾಗಿ ಹಾಳೆಗಳನ್ನಿಟ್ಟುಕೊಂಡು ಅಂದು ಕಂಡದ್ದನ್ನು ಬರೆದಿದ್ದ ಅವಳ ಕೈ, ಅವಳನ್ನು ಕೇಳದೆಯೇ, ಈ ತಿಂಗಳೂ ಆರು ಹಾಳೆಗಳಲ್ಲೂ ದಿನಕ್ಕೊಂದು ಸಾಲು ತುಂಬಿಸಿತ್ತು. ಆರನೆಯ ಹಾಳೆಯಲ್ಲಿ "ಭಾನುವಾರ ಮಧ್ಯಾಹ್ನ ಸತ್ತಿದೆ" ಎಂಬ ಸಾಲಿನ ಕೆಳಗೆ, ಅದೇ ಮುದ್ದಾದ ಅಕ್ಷರದಲ್ಲಿ, ಸೋಮವಾರ "ಮೇವು ಪೂರ್ತಿ, ಗೆಲುವಾಗಿದೆ" ಎಂದಿತ್ತು. ಮಂಗಳವಾರವೂ ಹಾಗೇ. ಬುಧವಾರ "ಹಿಕ್ಕೆ ಚೆನ್ನಾಗಿದೆ, ಓಡಾಟ ಜೋರು." ಹೀಗೆ ಮೂರು ವಾರ, ಒಂದು ದಿನವೂ ಬಿಡದೆ. ಕಟ್ಟಕಡೆಯ ಸಾಲು, ಡಾಕ್ಟರ ಸಹಿಗೆ ತಾಗಿದಂತೆ: "ಬೇಲಿ ಹಾರಿ ನಾದಿನಿಯ ಗುಲಾಬಿ ಗಿಡ ಎರಡು ತಿಂದಿದೆ. ಬೈಸಿಕೊಂಡಿದೆ. ಆರೋಗ್ಯ ಉತ್ತಮ."