ಬಾಯಿ ಮುಚ್ಚಿ ದಾಟುವ ಸೇತುವೆ

"ಕಾಲುವಿ ಪೂಲು ದಾಟೋತನಕ ಬಾಯಿ ಬಿಡಬ್ಯಾಡ್ರಿ, ಅಳಿಯಾರ. ಕೆಮ್ಮು ಬಂದ್ರೂ ನುಂಗ್ರಿ."

ಅತ್ತೆ ಅಮೃತಬಾಯಿಯ ಮಾತಿಗೆ ಅಂಬರೀಶ ಬೈಕಿನ ಮೇಲೆ ಕೂತೇ ನಕ್ಕ. ಹೆರಿಗೆಗೆಂದು ನ್ಯಾಲ್ಕಲ್ ಕಡೆಯ ತವರಿಗೆ ಬಂದಿದ್ದ ಹೆಂಡತಿ ಭವಾನಿಯನ್ನೂ ಮೂರು ತಿಂಗಳ ಮಗಳನ್ನೂ ಇಂದು ಮನೆ ಮುಟ್ಟಿಸಬೇಕಿತ್ತು. ಇಷ್ಟು ದಿನ ಜಹೀರಾಬಾದಿನ ರಸ್ತೆಯಲ್ಲೇ ಬಂದು ಹೋಗುತ್ತಿದ್ದವನು, ಹತ್ತಿರದ ದಾರಿಯೆಂದು ಈ ಸಲ ಕಾಲುವೆಯ ರಸ್ತೆಗೇ ಹಟ ಹಿಡಿದಿದ್ದ.

"ಮಾತಾಡಿದ್ರ ಏನಾಗ್ತದ್ರಿ ಅತ್ತಿ? ಪೂಲು ಸಿಟ್ಟಾಗ್ತದೇನು?"

"ಪೂಲಲ್ಲ. ಬಂಡಮ್ಮ."

ಅಮೃತಬಾಯಿ ದನಿ ತಗ್ಗಿಸಿ ಹೇಳಿದಳು. ಸೇತುವೆ ಕಟ್ಟುವಾಗ ಹಾಕಿದ ಸ್ಲ್ಯಾಬ್ ಮತ್ತೆ ಮತ್ತೆ ಕುಸಿದಿತ್ತು. ಕುರಿಗಳು ನೊರೆ ಕಾರಿ ಸತ್ತಿದ್ದವು. ಸದಾ ತಂಬಾಕು ಜಗಿಯುತ್ತಿದ್ದ ಮುದುಕಿ ಬಂಡಮ್ಮ ಭಾನಾಮತಿ ಮಾಡಿದ್ದಾಳೆಂದು ಊರು ಅವಳನ್ನು ಬೇವಿನ ಮರಕ್ಕೆ ಕಟ್ಟಿತು. ಮಂತ್ರ ಅನ್ನದಿರಲೆಂದು ಇಕ್ಕಳದಿಂದ ಹಲ್ಲು ಕಿತ್ತಿತು. ಕಿತ್ತ ಹಲ್ಲುಗಳನ್ನು ಹಸಿ ಕಾಂಕ್ರೀಟಿಗೆ ಎಸೆಯಿತು. ಸ್ಲ್ಯಾಬ್ ನಿಂತಿತು. ಬಂಡಮ್ಮ ಅದರಡಿಯಲ್ಲೇ ನೆತ್ತರು ಉಗುಳುತ್ತ ಸತ್ತಳು.

"ಇಕ್ಕಳ ಹಿಡದಾಂವ ನಿಮ್ಮ ಮಾವನ ಅಪ್ಪ. ಅದಕ್ಕ ಆಕಿಗಿ ಈ ಮನೀ ಕೂಸೇ ಬೇಕು. ಮೊದಲ ಬಾಯಿ ತೆರದಾಂವನ ಹಲ್ಲು ತಗೋತಾಳ. ಆಮ್ಯಾಲ ಇನ್ನೊಬ್ಬರು ಮಾತಾಡಿದ್ರ, ಬಾಯೇ ತಗೋತಾಳ."

"ಅತ್ತಿ, ನಾ ಕರಣಕೋಟದಾಂವ. ಸಿಮೆಂಟ್ ಫ್ಯಾಕ್ಟರಿ ಧೂಳಿನಾಗೇ ಹಲ್ಲು ಬಂದಾವ ನನಗ!"

ಮಾವ ಅಮೋಘಸಿದ್ದ ನಗಲಿಲ್ಲ. "ಸುತ್ತಾದ್ರೂ ಜಹೀರಾಬಾದ್ ರೋಡಿಗೇ ಹೋಗ್ರಿ," ಎಂದು ಹ್ಯಾಂಡಲ್ ಹಿಡಿದ. ಅಂಬರೀಶ ಆ ಕೈ ಬಿಡಿಸಿ ಹೊರಟೇಬಿಟ್ಟ.

ಮಟಮಟ ಮಧ್ಯಾಹ್ನ. ಕಾಲುವೆಯ ನೀರು ಹರಿಯುತ್ತಿರಲಿಲ್ಲ. ಪಾಚಿಗಟ್ಟಿ, ಕೊಳೆತ ಚರ್ಮದ ವಾಸನೆ ಬಿಡುತ್ತಿತ್ತು. ಸೇತುವೆ ಕಂಡದ್ದೇ ಭವಾನಿ ಸೆರಗಿನಡಿ ಕೂಸನ್ನು ಮೊಲೆಗೆ ಹಚ್ಚಿಕೊಂಡಳು. ತುಟಿ ಬಿಗಿದಳು. ಸುಮ್ಮನಿರೆಂದು ಗಂಡನ ಬೆನ್ನು ಗಿಲ್ಲಿದಳು.

ಅವನು ನಟ್ಟನಡುವೆ ಗಾಡಿ ನಿಲ್ಲಿಸಿದ. ಎಂಜಿನ್ ಆರಿಸಿದ.

"ಏ ಬಂಡಮ್ಮಾ! ಹಲ್ಲು ಬೇಕೇನ? ಬಾ, ತಗೋ!"

ಪ್ರತಿಧ್ವನಿ ಬರಲಿಲ್ಲ. ಜೀರುಂಡೆಗಳೂ ಸುಮ್ಮನಾದವು. ಆಮೇಲೆ ಸ್ಲ್ಯಾಬಿನ ಕೆಳಗಿನಿಂದ ಸದ್ದು. ಹಲ್ಲಿಲ್ಲದ ಬಾಯಿ ಏನನ್ನೋ ಚೀಪುವಂತೆ. ಪಚ್. ಪಚ್. ಪಚ್. ತಂಬಾಕಿನ ಕಮಟು ಮೂಗಿಗೆ ಅಡರಿತು.

ಅಂಬರೀಶನ ನಾಲಗೆಗೆ ಉಪ್ಪು ತಾಗಿತು. ಮುಂದಿನ ಹಲ್ಲು ಅಲುಗಿತು. ಮುಟ್ಟಿದ. ಅಂಗೈಗೆ ಬಂತು. ಇನ್ನೊಂದು. ನೋವಿಲ್ಲ. ಅದೇ ಭಯ ಹುಟ್ಟಿಸಿತು. ತೆನೆಯಿಂದ ಜೋಳ ಉದುರಿದಂತೆ ಎಲ್ಲ ಉದುರಿದವು. ಕಾಂಕ್ರೀಟಿಗೆ ಬಿದ್ದವು. ಪುಟಿಯಲಿಲ್ಲ. ಕೆಸರಿಗೆ ಇಳಿದಂತೆ ಒಳಗಿಳಿದವು.

ಕೂಗಲು ಹೋದ. ಬರೀ ಗಾಳಿ.

ಭವಾನಿ ಕೆಳಗಿಳಿದಳು. ಕಣ್ಣಲ್ಲಿ ನೀರು, ತುಟಿ ಮಾತ್ರ ಬಿಗಿದೇ ಇತ್ತು. ಕೂಸನ್ನು ಅವನ ತೋಳಿಗೆ ತುರುಕಿ, ಸೆರಗಿನಿಂದ ಅವನ ಬಾಯಿ ಒತ್ತಿ ಹಿಡಿದಳು. ಮೊಲೆ ತಪ್ಪಿದ ಕೂಸು ಕಿಟಾರನೆ ಚೀರಿತು.

"ಜೋ—" ಎಂದುಬಿಟ್ಟಳು ಭವಾನಿ.

ಅರ್ಧಕ್ಕೇ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ತಡವಾಗಿತ್ತು. ಬೆರಳುಗಳ ಹಿಂದೆ ಕೆನ್ನೆ ಒಳಕ್ಕೆ ಕುಸಿಯಿತು. ಗಂಟಲು ಉಬ್ಬಿತು. ಕಣ್ಣು ಮಾತ್ರ ಇನ್ನೂ ಅವಳದು. ಆ ಕಣ್ಣು ಆಚೆ ತುದಿಯನ್ನು ತೋರಿಸಿತು. ಓಡು.

ಅಂಬರೀಶ ಬೈಕ್ ಬಿಟ್ಟು ಓಡಿದ. ಹಿಂದೆ ಬರಿಗಾಲಿನ ಸದ್ದು. ಹತ್ತಿರ. ಇನ್ನೂ ಹತ್ತಿರ. ಕತ್ತಿಗೆ ತಂಬಾಕಿನ ಉಸಿರು. ಸೇತುವೆ ಮುಗಿಯಿತು. ಮಣ್ಣಿನ ಮೇಲೆ ಮುಗ್ಗರಿಸಿದ. ಕೂಸು ಎದೆಗೇ ಇತ್ತು.

ತಿರುಗಿ ನೋಡಿದ. ಭವಾನಿ ಸೇತುವೆಯ ಅಂಚಿನಲ್ಲಿ ನಿಂತಿದ್ದಳು. ಅವಳ ಒಂದು ಬೆರಳೂ ಅಂಚನ್ನು ದಾಟಲಿಲ್ಲ. ಕುಪ್ಪಸ ಹಾಲಿಗೆ ತೊಯ್ದಿತ್ತು. ಕೈ ಚಾಚಿದಳು. ಅವಳ ಬಾಯಿಂದ ಮುದುಕಿಯ ದನಿ ಬಂತು. ಸಾವಕಾಶ, ಅಕ್ಕರೆಯಿಂದ.

"ಕೂಸಿಗಿ ಹಸಿವಾಗ್ಯದ. ಇತ್ತ ಕೊಡಪ್ಪ."

ಕೂಸು ಅಳು ನಿಲ್ಲಿಸಿತು. ಹಾಲಿನ ವಾಸನೆಗೆ ಕತ್ತು ಹೊರಳಿಸಿತು. ಅಂಬರೀಶ ಅದರ ಮುಖವನ್ನು ಎದೆಗೆ ಒತ್ತಿಕೊಂಡು ಎದ್ದ. ಬೆನ್ನು ತಿರುಗಿಸಿದ. ಹೆಜ್ಜೆ ಎತ್ತಿದ.

"ಏನ್ರೀ... ನನ್ನ ಇಲ್ಲೇ ಬಿಟ್ಟು ಹೋಗ್ತೀರೇನ್ರೀ?"

ಅದು ಭವಾನಿಯದೇ ದನಿ.

ಅವನ ಕಾಲು ನಿಂತಿತು.